ಇಂಧನದ ಆವಿಯಲ್ಲಿ ವರ್ಷಗಟ್ಟಲೆ ಕೆಲಸ: ಸಿಡುಕು, ಮಂಕು, ಮರೆವಿಗೆ ಅದೇ ಕಾರಣ ಇರಬಹುದಾ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ವಿಷಯ ಕೇಳಬೇಕಿತ್ತು. ಓದು ಬಿಟ್ಟಾಗಿನಿಂದ ಅವನ ಕೆಲಸವೆಲ್ಲ ಪೆಟ್ರೋಲ್ ಜೊತೆಗೇ. ಮೊದಲು ಬಂಕ್, ಆಮೇಲೆ ಗ್ಯಾರೇಜು, ಈಗ ಡ್ರಮ್‌ಗಳಲ್ಲಿ ಇಂಧನ ತುಂಬಿಡುವ ಒಂದು ಗೋದಾಮು. ಗೋದಾಮಿಗೆ ಒಂದೇ ಶಟರ್, ಕಿಟಕಿ ಇಲ್ಲ.

ಮೊದಲಿಂದಲೂ ಅವನದು ತಣ್ಣನೆಯ ಸ್ವಭಾವ. ಈಗ ಮಕ್ಕಳು ಚಮಚ ಬೀಳಿಸಿದರೂ ರೇಗುತ್ತಾನೆ. ಆಮೇಲೆ ತಾನೇ ಹೋಗಿ ಮೂಲೆಯಲ್ಲಿ ಸುಮ್ನೆ ಕೂರುತ್ತಾನೆ. ಬೀಗ ಹಾಕಿದೆನಾ ಅಂತ ಎದ್ದು ಹೋಗಿ ನೋಡುತ್ತಾನೆ, ಮಲಗುತ್ತಾನೆ, ಮತ್ತೆ ಎದ್ದು ಹೋಗುತ್ತಾನೆ. ಪೇಪರ್ ಓದುವುದನ್ನು ಬಿಟ್ಟಿದ್ದಾನೆ. ಕೇಳಿದರೆ "ತಲೆಗೆ ಹೋಗಲ್ಲ" ಅನ್ನುತ್ತಾನೆ. ವೈದ್ಯರಿಗೆ ತೋರಿಸಿದೆವು. ಟೆನ್ಷನ್ ಅಂತ ಹೇಳಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಏನು ಕೆಲಸ ಮಾಡುತ್ತೀರಿ ಅಂತ ಒಂದು ಮಾತೂ ಕೇಳಲಿಲ್ಲ.

ಪೆಟ್ರೋಲ್ ಆವಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಇಲ್ಲ ನಾನೇ ಏನೇನೋ ಕಲ್ಪಿಸಿಕೊಳ್ಳುತ್ತಿದ್ದೇನಾ? ತಿಳಿದವರು ದಯವಿಟ್ಟು ಹೇಳಿ.

ಕಾರ್ಬುರೇಟರ್

ಅಕ್ಕ, ನೀವು ಬರೆದಿದ್ದು ಓದಿ ಎದೆ ಧಸಕ್ ಅಂತು. ನಾನು ದ್ವಿಚಕ್ರ ವಾಹನದ ಮೆಕ್ಯಾನಿಕ್. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಟ್ರೇನಲ್ಲಿ ತೊಳೆಯುವುದು ನಮಗೆ ದಿನದ ಕೆಲಸ. ಬಗ್ಗಿ ಕೂತಾಗ ಮುಖ ಟ್ರೇ ಮೇಲೆಯೇ ಇರುತ್ತದೆ. ಸಂಜೆ ಹೊತ್ತಿಗೆ ತಲೆ ಭಾರ, ಬಾಯಲ್ಲಿ ಅದೇ ರುಚಿ. ಮನೆಗೆ ಹೋದರೆ ಯಾರ ಜೊತೆಯೂ ಮಾತು ಬೇಡ ಅನಿಸುತ್ತದೆ. ಎರಡು ದಿನ ರಜೆ ಹಾಕಿದರೆ ನಾನೇ ಬೇರೆ ಮನುಷ್ಯ. ನಮ್ಮ ಕಡೆ ಇದನ್ನೆಲ್ಲ ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾರ್ಖಾನೆ ಡಾಕ್ಟರ್

ಸಂಜೆಮಲ್ಲಿಗೆ ಅವರೇ, ನೀವು ಏನೂ ಕಲ್ಪಿಸಿಕೊಂಡಿಲ್ಲ. ನಾನು ಕಾರ್ಮಿಕರ ಆರೋಗ್ಯ ನೋಡುವ ವೈದ್ಯ. ನಿಮ್ಮಣ್ಣನಿಗೆ ಆಗಿರುವುದು ಇದೇ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ಇದನ್ನು ಕೇಳಲೇಬೇಕಿತ್ತು, ಕೇಳಿ ಒಳ್ಳೆಯದು ಮಾಡಿದಿರಿ.

ಮೊದಲು ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಪೆಟ್ರೋಲ್ ಆವಿಯಲ್ಲಿರುವ ಟಾಲ್ವಿನ್, ಝೈಲೀನ್, ಬೆಂಜೀನ್, ಹೆಕ್ಸೇನ್ ಎಲ್ಲವೂ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಮಿದುಳಿನ ನೀರೆಲ್ಲ ತೆಗೆದು ಉಳಿದದ್ದನ್ನು ತೂಗಿದರೆ ಅದರಲ್ಲಿ ಸುಮಾರು 60 ಶೇಕಡಾ ಕೊಬ್ಬೇ. ತಿಂದ ವಿಷ ಮೊದಲು ಲಿವರ್‌ಗೆ ಹೋಗುತ್ತದೆ, ಅಲ್ಲಿ ಸ್ವಲ್ಪ ಮಟ್ಟಿಗಾದರೂ ಸೋಸುತ್ತದೆ. ಉಸಿರಾಡಿದ್ದು ಹಾಗಲ್ಲ. ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ನೇರ ಮಿದುಳಿಗೆ. ಅದಕ್ಕೇ ಘಾಟು ಬಡಿದ ಸ್ವಲ್ಪ ಹೊತ್ತಿಗೇ ತಲೆ ಹಗುರಾದ ಹಾಗೆ ಆಗುವುದು.

ಅಲ್ಲಿ ಹೋಗಿ ಅವು ಮಾಡುವ ಕೆಲಸ ಮದ್ಯದ ಕೆಲಸಕ್ಕೆ ಹತ್ತಿರ. ನರಗಳನ್ನು ಶಾಂತ ಮಾಡುವ ಗಾಬಾ ಸಂಕೇತ ಜಾಸ್ತಿ ಆಗುತ್ತದೆ. ಕಲಿಕೆಗೆ, ನೆನಪಿಗೆ ಬೇಕಾದ ಎನ್‌ಎಂಡಿಎ ಗ್ರಾಹಕಗಳು ಮಂದವಾಗುತ್ತವೆ. ಖುಷಿ, ಹುರುಪಿಗೆ ಸಂಬಂಧಿಸಿದ ಡೋಪಮಿನ್ ಅನ್ನುವ ಮಿದುಳಿನ ರಾಸಾಯನಿಕ ಏರುಪೇರಾಗುತ್ತದೆ. ಇದೆಲ್ಲ ಆ ದಿನದ ಮಾತು, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ವರ್ಷಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಹೋದರೆ ಕತೆ ಬೇರೆ. ನರತಂತುಗಳಿಗೆ ಮಯಲಿನ್ ಅಂತ ಕೊಬ್ಬಿನ ಹೊದಿಕೆ ಇರುತ್ತದೆ. ಟಾಲ್ವಿನ್ ಅದನ್ನೇ ಕೆಡಿಸುತ್ತದೆ. ಅಮಲಿಗಾಗಿ ಮೂಸುವವರ ಎಂಆರ್‌ಐನಲ್ಲಿ ಈ ಹಾನಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ದ್ರಾವಕಗಳಿಂದ (ಟಾಲ್ವಿನ್, ಝೈಲೀನ್ ಥರದ ಪದಾರ್ಥಗಳಿಂದ) ಮಿದುಳಿಗೆ ಆಗುವ ತೊಂದರೆಯನ್ನು ಹಂತಗಳಾಗಿ ವಿಂಗಡಿಸಿದರು. ಅದರಲ್ಲಿ ಮೊದಲ ಹಂತವೇ ಮನಸ್ಸಿನದು. ಸಿಡುಕು, ಉತ್ಸಾಹ ಬತ್ತುವುದು, ಸುಸ್ತು, ಯಾವುದರಲ್ಲೂ ಗಮನ ನಿಲ್ಲದಿರುವುದು. ಪರೀಕ್ಷೆಯಲ್ಲಿ ನೆನಪು, ಲೆಕ್ಕ ಎಲ್ಲ ಸರಿಯಾಗಿಯೇ ಬರುತ್ತವೆ. ಎರಡನೇ ಹಂತದಲ್ಲಿ ಪರೀಕ್ಷೆಯಲ್ಲೂ ಕೊರತೆ ಸಿಗುತ್ತದೆ. ಕೊನೆಯದು ಬುದ್ಧಿಯೇ ಕುಗ್ಗುವ ಹಂತ. ಅದು ಅಪರೂಪ.

ಅಂದರೆ ಮರೆವು ಬರುವ ಮೊದಲೇ ಸ್ವಭಾವ ಬದಲಾಗಿರುತ್ತದೆ. ಮನೆಯವರು ಅದನ್ನು ಜಗಳ ಅಂತ ನೋಡುತ್ತಾರೆ, ಮಾಲೀಕರು ಸೋಮಾರಿತನ ಅಂತಾರೆ. ಎಲ್ಲರಿಗಿಂತ ಜಾಸ್ತಿ ಆ ಮನುಷ್ಯನೇ ತನ್ನನ್ನು ಬೈದುಕೊಳ್ಳುತ್ತಾನೆ. ಸರಿ ಮಾಡಬಹುದಾದ ಹಂತವೂ ಅದೇ ಆಗಿರುವುದರಿಂದ ನನಗೆ ಇದು ತುಂಬ ಸಂಕಟದ ವಿಷಯ.

ನೇರಮಾತು

ಡಾಕ್ಟರ್ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಪಾಳಿ ಕೆಲಸ, ನಿದ್ದೆ ಇಲ್ಲ, ಸಾಲ, ಮೇಲಿನವರ ಬೈಗುಳ. ಇಷ್ಟು ಸಾಲದಾ ಮನುಷ್ಯನಿಗೆ ಸಿಟ್ಟು ಬರುವುದಕ್ಕೆ? ಬಂಕಿನಲ್ಲಿ ಕೆಲಸ ಮಾಡುವ ಲಕ್ಷಾಂತರ ಜನರಿದ್ದಾರೆ. ಅವರಿಗೆಲ್ಲ ಮಿದುಳು ಹಾಳಾಗಿದೆಯಾ? ಹೀಗೆ ಬರೆದರೆ ಓದಿದವರು ಹೆದರಿ ಕೆಲಸ ಬಿಡುತ್ತಾರೆ. ನಾಳೆ ಮನೆ ನಡೆಸುವವರು ಯಾರು?

ಕಾರ್ಖಾನೆ ಡಾಕ್ಟರ್

ನೇರಮಾತು ಅವರೇ, ನಿಮ್ಮ ಪ್ರಶ್ನೆ ಸರಿಯಾಗಿದೆ.

ಎಲ್ಲರಿಗೂ ಆಗುವುದಿಲ್ಲ. ಎಷ್ಟು ಹೋಯಿತು, ಎಷ್ಟು ಕಾಲ ಹೋಯಿತು ಅನ್ನುವುದರ ಮೇಲೆ ನಿಂತಿದೆ. ಬಯಲಲ್ಲಿ, ಗಾಳಿ ಆಡುವ ಕಡೆ ಗಾಡಿಗೆ ಪೆಟ್ರೋಲ್ ತುಂಬುವವರಿಗೆ ಸಿಗುವ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಪೆಟ್ರೋಲ್ ಆವಿಗೆ ಇಟ್ಟಿರುವ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ 300 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 300 ಭಾಗ ಆವಿ. ತೆರೆದ ಬಂಕಿನಲ್ಲಿ ಅಷ್ಟು ಬರುವುದು ಅಪರೂಪ. ಅಲ್ಲಿ ನನಗೆ ಜಾಸ್ತಿ ಚಿಂತೆ ಬೆಂಜೀನ್‌ನದು. ಅದು ಕಡಿಮೆ ಪ್ರಮಾಣದಲ್ಲೂ ರಕ್ತಕ್ಕೆ ಕೆಟ್ಟದ್ದು, ರಕ್ತದ ಕ್ಯಾನ್ಸರ್‌ಗೆ ಕಾರಣ ಅಂತ ಸಾಬೀತಾಗಿದೆ. ಆದರೆ ಇವತ್ತಿನ ಚರ್ಚೆ ಮಿದುಳಿನದು.

ಮಿದುಳಿನ ವಿಷಯದಲ್ಲಿ ಅಪಾಯ ಇರುವುದು ಮುಚ್ಚಿದ ಜಾಗದಲ್ಲಿ. ಕಿಟಕಿ ಇಲ್ಲದ ಗೋದಾಮು, ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ಪಿಟ್, ಟ್ಯಾಂಕ್ ಒಳಗೆ ಇಳಿದು ತೊಳೆಯುವುದು, ಟ್ರೇ ಮೇಲೆ ಬಗ್ಗಿ ಕೂರುವುದು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗುವುದಿಲ್ಲ, ನೆಲದಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಒಂದೇ ಶಟರ್ ಇರುವ ಗೋದಾಮು ಅಂತ ಓದಿದ ಕೂಡಲೇ ನಾನು ಉತ್ತರ ಬರೆಯಲು ಕೂತಿದ್ದು ಅದಕ್ಕೇ.

ನೀವು ಹೇಳಿದ ನಿದ್ದೆ, ಸಾಲ, ಬೈಗುಳ ಎಲ್ಲವೂ ನಿಜವಾದ ಕಾರಣಗಳೇ. ಅವುಗಳ ಜೊತೆ ಇದೂ ಸೇರಿಕೊಳ್ಳಬಹುದು. ಒಂದು ಇದೆ ಅಂದಮಾತ್ರಕ್ಕೆ ಇನ್ನೊಂದು ಇಲ್ಲ ಅಂತ ಅಲ್ಲ ಅಲ್ವಾ? ಗ್ಯಾರೇಜಿನಲ್ಲಿ ಇನ್ನೊಂದನ್ನೂ ನೋಡಬೇಕು. ಶಟರ್ ಎಳೆದುಕೊಂಡು ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ತಲೆನೋವು, ಮಂಕು, ಸಿಡುಕು ಅದರಿಂದಲೂ ಬರುತ್ತವೆ, ಜೀವವೂ ಹೋಗಬಹುದು.

ರಸಾಯನ ಮೇಷ್ಟ್ರು

ಸ್ವಲ್ಪ ಹಳೆಯ ವಿಷಯ ಸೇರಿಸುತ್ತೇನೆ. ಇಂಧನ ಮಿದುಳನ್ನು ಕೆಡಿಸಬಹುದು ಅಂತ ಜಗತ್ತಿಗೆ ಗೊತ್ತಾಗಿ ನೂರು ವರ್ಷ ಆಯಿತು.

1921ರಲ್ಲಿ ಥಾಮಸ್ ಮಿಡ್‌ಗ್ಲಿ ಅನ್ನುವ ಅಮೆರಿಕದ ಎಂಜಿನಿಯರ್ ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಿದರೆ ಎಂಜಿನ್ ಟಕಟಕ ಅಂತ ಬಡಿಯುವ ದೋಷ (ನಾಕಿಂಗ್) ನಿಲ್ಲುತ್ತದೆ ಅಂತ ಕಂಡುಹಿಡಿದ. ಈ ಸೀಸ ಎಣ್ಣೆಯ ರೂಪದ್ದು. ಚರ್ಮದಿಂದಲೂ ಹೋಗುತ್ತದೆ, ಉಸಿರಿನಿಂದಲೂ ಹೋಗುತ್ತದೆ, ಮಿದುಳಿಗೆ ಸಲೀಸಾಗಿ ಸೇರುತ್ತದೆ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಭ್ರಮೆ ಶುರುವಾಯಿತು. ಇಲ್ಲದ್ದು ಕಾಣುತ್ತಿತ್ತು, ಕಿರುಚಾಡುತ್ತಿದ್ದರು, ಹಿಡಿದು ಕಟ್ಟಬೇಕಾಯಿತು. ಐದು ಜನ ತೀರಿಕೊಂಡರು. ಅದೇ ರಾಸಾಯನಿಕ ತಯಾರಾಗುತ್ತಿದ್ದ ಇನ್ನೊಂದು ಕಾರ್ಖಾನೆಯ ಕಟ್ಟಡವನ್ನು ಕೆಲಸಗಾರರೇ 'ಚಿಟ್ಟೆಗಳ ಮನೆ' ಅಂತ ಕರೆಯುತ್ತಿದ್ದರು. ಒಳಗೆ ಇರುವವರು ಇಲ್ಲದ ಹುಳಗಳನ್ನು ಕೈಯಲ್ಲಿ ಓಡಿಸುತ್ತಿದ್ದರು.

ಇಷ್ಟಾದರೂ ಸೀಸದ ಪೆಟ್ರೋಲ್ ದಶಕಗಟ್ಟಲೆ ನಡೆಯಿತು. ರಸ್ತೆ ವಾಹನಗಳಿಗೆ ಅದನ್ನು ಮಾರುವುದನ್ನು ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಸಣ್ಣ ಪಿಸ್ಟನ್ ವಿಮಾನಗಳ ಇಂಧನದಲ್ಲಿ ಇವತ್ತಿಗೂ ಸೀಸ ಇದೆ. ಹಾಗಾಗಿ ತುಂಬ ಹಿಂದಿನಿಂದ ಈ ಕೆಲಸದಲ್ಲಿ ಇರುವ ಹಿರಿಯರಿಗೆ ಸೀಸವೂ ಮೈಗೆ ಹೋಗಿರುತ್ತದೆ ಅನ್ನುವುದನ್ನು ಮರೆಯಬಾರದು.

ಇವತ್ತಿನ ಪೆಟ್ರೋಲಿಗೆ ಬರೋಣ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಬೆಂಜೀನ್ ಒಂದು ಶೇಕಡಾ ಮೀರಬಾರದು ಅಂತ ಹಲವು ದೇಶಗಳಲ್ಲಿ ನಿಯಮ ಇದೆ. ಟಾಲ್ವಿನ್, ಝೈಲೀನ್ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತವೆ. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಅದರ ತೊಂದರೆ ಹೊಗೆಯಲ್ಲಿ ಜಾಸ್ತಿ, ಆವಿಯಲ್ಲಿ ಕಡಿಮೆ.

ಬಂಕ್ ನೈಟ್ ಶಿಫ್ಟ್

ತೆರೆದ ಬಂಕಿನಲ್ಲಿ ಕಡಿಮೆ ಅಂತ ಡಾಕ್ಟರ್ ಹೇಳಿದ್ದು ಸರಿಯೇ. ಆದರೆ ಬಂಕಿನಲ್ಲೂ ಎರಡು ಹೊತ್ತು ಬೇರೆ ಥರ ಇರುತ್ತವೆ. ಹೊರಗಿನವರಿಗೆ ಅದು ಗೊತ್ತಿಲ್ಲ.

ಒಂದು ಡಿಪ್ ನೋಡುವ ಹೊತ್ತು, ಅಂದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ರಾಡ್ ಇಳಿಸಿ ಅಳೆಯುವ ಹೊತ್ತು. ನೆಲದೊಳಗಿನ ಟ್ಯಾಂಕಿನ ಮುಚ್ಚಳ ತೆಗೆದ ತಕ್ಷಣ ಆವಿ ಬುಸ್ ಅಂತ ಮೇಲೆ ಬರುತ್ತದೆ. ಬಿಸಿಲಿದ್ದರೆ ಕಣ್ಣಿಗೇ ಕಾಣುತ್ತದೆ, ಗಾಳಿ ನಡುಗಿದ ಹಾಗೆ. ರಾಡ್ ಇಳಿಸಬೇಕು, ಎತ್ತಬೇಕು, ಗೆರೆ ಎಲ್ಲಿಗೆ ಬಂದಿದೆ ಅಂತ ಬಗ್ಗಿ ನೋಡಬೇಕು, ಬಟ್ಟೆಯಲ್ಲಿ ಒರೆಸಬೇಕು. ಅಷ್ಟು ಹೊತ್ತೂ ಮುಖ ಆ ಬಾಯಿಯ ಮೇಲೆಯೇ ಇರುತ್ತದೆ. ಒರೆಸಿದ ಬಟ್ಟೆಯನ್ನು ನಮ್ಮ ಹುಡುಗರು ಜೇಬಿಗೆ ತುರುಕಿಕೊಳ್ಳುತ್ತಾರೆ. ಆಮೇಲೆ ದಿನವಿಡೀ ಆ ಬಟ್ಟೆ ಮೈಗೆ ಅಂಟಿಕೊಂಡೇ ಇರುತ್ತದೆ.

ಇನ್ನೊಂದು ಟ್ಯಾಂಕರ್ ಇಳಿಸುವ ಹೊತ್ತು. ಮೇಲಿಂದ ಪೆಟ್ರೋಲ್ ಇಳಿದ ಹಾಗೆ ಟ್ಯಾಂಕಿನೊಳಗೆ ನಿಂತಿದ್ದ ಆವಿ ಹೊರಗೆ ತಳ್ಳಿಕೊಂಡು ಬರುತ್ತದೆ. ಆವಿಯನ್ನು ವಾಪಸ್ ಟ್ಯಾಂಕರ್‌ಗೇ ಕಳಿಸುವ ಪೈಪ್ ಇದ್ದರೆ ಪರವಾಗಿಲ್ಲ. ಇಲ್ಲದ ಕಡೆ ಅಲ್ಲಿ ನಿಂತವನ ತಲೆ ಗಿರ್ ಅನ್ನುತ್ತದೆ.

ಗಾಡಿಯವರಿಗೂ ಒಂದು ಮಾತು. ನಾಜಲ್ ಟಕ್ ಅಂತ ತಾನೇ ನಿಂತ ಮೇಲೆ "ಇನ್ನೂ ಸ್ವಲ್ಪ ಹಾಕಿ, ರೌಂಡ್ ಮಾಡಿ" ಅನ್ನಬೇಡಿ. ಆ ಕೊನೆಯ ಸ್ವಲ್ಪಕ್ಕೆ ಟ್ಯಾಂಕಿನ ಆವಿಯೆಲ್ಲ ಹಾಕುವವನ ಮುಖಕ್ಕೆ ಬರುತ್ತದೆ. ದಿನಕ್ಕೆ ನೂರಾರು ಗಾಡಿ ನೋಡುವವನಿಗೆ ಅದು ಸಣ್ಣದಲ್ಲ.

ರನ್‌ವೇ

ವಿಮಾನದ ಇಂಧನ ಟ್ಯಾಂಕ್ ನಿರ್ವಹಣೆಯಲ್ಲಿ ಕೆಲಸ ಮಾಡಿದವನು ನಾನು. ರೆಕ್ಕೆಯೊಳಗಿನ ಟ್ಯಾಂಕಿಗೆ ನುಗ್ಗಿ ಸೋರಿಕೆ ಹುಡುಕುವ ಕೆಲಸ. ಜೆಟ್ ಇಂಧನ ಅಂದರೆ ಸೀಮೆಎಣ್ಣೆಯ ಜಾತಿ. ಪೆಟ್ರೋಲಿನಷ್ಟು ಹಾರುವುದಿಲ್ಲ, ಆದರೆ ಬಟ್ಟೆಗೆ, ಚರ್ಮಕ್ಕೆ ಹತ್ತಿದರೆ ಬಿಡುವುದೇ ಇಲ್ಲ.

ನಮ್ಮ ಕಸುಬಿನವರ ಮೇಲೆ ಅಧ್ಯಯನಗಳು ಆಗಿವೆ. 1970ರ ದಶಕದಲ್ಲಿ ಸ್ವೀಡನ್‌ನ ಜೆಟ್ ಎಂಜಿನ್ ಕಾರ್ಖಾನೆಯ ಕೆಲಸಗಾರರನ್ನು ಪರೀಕ್ಷಿಸಿದಾಗ ಸುಸ್ತು, ಆತಂಕ, ಮನಸ್ಸು ಕುಗ್ಗುವುದು, ನೆನಪಿನ ತೊಂದರೆ, ಕೈಕಾಲು ಜೋಮು ಇವು ಕಂಡುಬಂದವು. 1990ರ ದಶಕದಲ್ಲಿ ಅಮೆರಿಕದ ವಾಯುಪಡೆಯವರನ್ನು ಕಣ್ಣು ಮುಚ್ಚಿ ನಿಲ್ಲಿಸಿ ಮೈ ಎಷ್ಟು ಓಲಾಡುತ್ತದೆ ಅಂತ ಅಳೆದರು. ಜೆಪಿ-8 ಅನ್ನುವ ಜೆಟ್ ಇಂಧನದ ಜೊತೆ ಕೆಲಸ ಮಾಡುವವರ ಮೈ ಜಾಸ್ತಿ ಓಲಾಡುತ್ತಿತ್ತು.

ನಾನು ಹೇಳಬೇಕು ಅಂದುಕೊಂಡಿದ್ದು ಕಿವಿಯ ಬಗ್ಗೆ. ಟಾಲ್ವಿನ್, ಝೈಲೀನ್, ಈಥೈಲ್‌ಬೆಂಜೀನ್ ಇವು ಒಳಗಿವಿಯ ಸೂಕ್ಷ್ಮ ಕೋಶಗಳಿಗೆ ಹಾನಿ ಮಾಡುತ್ತವೆ. ಶಬ್ದವೂ ಜೊತೆಗಿದ್ದರೆ ಹಾನಿ ಇನ್ನೂ ಜಾಸ್ತಿ. ಕಿವಿ ಮಂದವಾದ ಮನುಷ್ಯ ಎರಡೆರಡು ಸಲ ಕೇಳುತ್ತಾನೆ, ರೇಗುತ್ತಾನೆ, ಆಮೇಲೆ ಮಾತೇ ಬಿಡುತ್ತಾನೆ. ಮನೆಯವರು ಅದನ್ನು ಮುನಿಸು ಅಂದುಕೊಳ್ಳುತ್ತಾರೆ. ಅಕ್ಕ, ಅಣ್ಣನ ಕಿವಿಯನ್ನೂ ತೋರಿಸಿ.

ಸಂಜೆಮಲ್ಲಿಗೆ

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬ ಧನ್ಯವಾದ. ಟಿವಿ ಜೋರಾಗಿ ಇಡುತ್ತಾನೆ, ಹೌದು. ಅದನ್ನು ನಾನು ಇದರ ಜೊತೆ ಸೇರಿಸಿ ನೋಡಿರಲಿಲ್ಲ.

ಡಾಕ್ಟ್ರೇ, ಏನು ಪರೀಕ್ಷೆ ಮಾಡಿಸಬೇಕು? ಸ್ಕ್ಯಾನಿಂಗ್ ಮಾಡಿಸಿದರೆ ಗೊತ್ತಾಗುತ್ತದಾ? ರಕ್ತದಲ್ಲಿ ಪೆಟ್ರೋಲ್ ಇದೆಯಾ ಅಂತ ನೋಡಲು ಆಗುತ್ತದಾ?

ಕಾರ್ಖಾನೆ ಡಾಕ್ಟರ್

ಸ್ಕ್ಯಾನಿಂಗ್‌ನಿಂದ ಶುರು ಮಾಡಬೇಡಿ. ಮೊದಲ ಹಂತಗಳಲ್ಲಿ ಎಂಆರ್‌ಐ ಬಹುಮಟ್ಟಿಗೆ ನಾರ್ಮಲ್ ಬರುತ್ತದೆ. ನಾರ್ಮಲ್ ಬಂತು ಅಂತ ವಿಷಯವನ್ನು ಅಲ್ಲಿಗೇ ಬಿಟ್ಟುಬಿಡುವ ಅಪಾಯವೂ ಇದೆ.

ಎಲ್ಲಕ್ಕಿಂತ ಮುಖ್ಯ ಒಂದು ಹಾಳೆ. ಅಣ್ಣ ಎಲ್ಲೆಲ್ಲಿ, ಯಾವ ಕೆಲಸ, ಎಷ್ಟು ವರ್ಷ, ಮುಚ್ಚಿದ ಜಾಗವೋ ತೆರೆದದ್ದೋ, ಕೈಗೆ ಗ್ಲೌಸ್ ಇತ್ತೋ ಇಲ್ಲವೋ ಎಲ್ಲ ಬರೆಯಿರಿ. ಕೆಳಗೆ ಒಂದಷ್ಟು ವಾರ ದಿನಚರಿ ಬರೆಯಿರಿ. ಯಾವ ದಿನ ತಲೆನೋವು, ಯಾವ ದಿನ ಸಿಡುಕು, ರಜೆಯಲ್ಲಿ ಹೇಗಿದ್ದ, ಕೆಲಸಕ್ಕೆ ವಾಪಸ್ ಹೋದಾಗ ಹೇಗಾಯಿತು. ಶುರುವಿನಲ್ಲಿ ರಜೆ ಸಿಕ್ಕರೆ ಹಗುರಾಗುತ್ತದೆ, ಕಾರ್ಬುರೇಟರ್ ಅವರು ಹೇಳಿದ ಹಾಗೆ. ಈ ಏರಿಳಿತ ಯಾವ ಸ್ಕ್ಯಾನ್‌ನಲ್ಲೂ ಸಿಗುವುದಿಲ್ಲ. ಆದರೆ ತುಂಬ ವರ್ಷ ಆದಮೇಲೆ ರಜೆಯಲ್ಲೂ ಇಳಿಯದೆ ಇರಬಹುದು. ಹಾಗಾಗಿ ವ್ಯತ್ಯಾಸ ಕಾಣದಿದ್ದರೆ ಆವಿ ಕಾರಣವೇ ಅಲ್ಲ ಅಂತ ತೀರ್ಮಾನ ಮಾಡಬೇಡಿ.

ಸ್ವೀಡನ್‌ನಲ್ಲಿ ದ್ರಾವಕಗಳ ಕೆಲಸಗಾರರಿಗಾಗಿ 16 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ನೆನಪು ಕಡಿಮೆ ಆಗಿದೆಯಾ, ಮನೆಯವರು ಹಾಗೆ ಹೇಳಿದ್ದಾರಾ, ಬಾಗಿಲು ಹಾಕಿದ್ದನ್ನು ಮತ್ತೆ ಹೋಗಿ ನೋಡುತ್ತೀರಾ, ಪೇಪರ್ ಓದಿದರೆ ತಲೆಗೆ ಹತ್ತುತ್ತದಾ, ಕಾರಣ ಇಲ್ಲದೆ ಸಿಡುಕು ಬರುತ್ತದಾ, ಅಂಗಿಯ ಗುಂಡಿ ಹಾಕಲು ಕಷ್ಟವಾ. ನೀವು ಮೊದಲ ಬರಹದಲ್ಲಿ ಹೇಳಿದ ಮೂರು ನಾಲ್ಕು ವಿಷಯ ಆ ಪಟ್ಟಿಯಲ್ಲೇ ಇವೆ. ಅದು ರೋಗ ತೀರ್ಮಾನ ಮಾಡುವ ಪರೀಕ್ಷೆ ಅಲ್ಲ. ಯಾರನ್ನು ಮುಂದಿನ ತಪಾಸಣೆಗೆ ಕಳಿಸಬೇಕು ಅಂತ ಆರಿಸುವುದಕ್ಕೆ ಮಾತ್ರ.

ಮುಂದಿನ ತಪಾಸಣೆ ಅಂದರೆ ನೆನಪು, ಗಮನ, ಕೈವೇಗ ಅಳೆಯುವ ನರಮನೋವಿಜ್ಞಾನದ ಪರೀಕ್ಷೆಗಳು. ಬಣ್ಣ ಗುರುತಿಸುವ ಪರೀಕ್ಷೆಯೂ ಉಪಯೋಗಕ್ಕೆ ಬರುತ್ತದೆ. ದ್ರಾವಕಗಳಿಂದ ನೀಲಿ-ಹಳದಿ ನಡುವಿನ ವ್ಯತ್ಯಾಸ ಮಸುಕಾಗುವುದುಂಟು. ಪಾದದಲ್ಲಿ ಜೋಮು ಇದ್ದರೆ ನರಗಳ ವೇಗ ನೋಡಬೇಕು. ಎನ್-ಹೆಕ್ಸೇನ್ ಮೈಯೊಳಗೆ ಬದಲಾಗಿ ಕೈಕಾಲಿನ ನರಗಳನ್ನು ಕೆಡಿಸುತ್ತದೆ.

ರಕ್ತ, ಮೂತ್ರದ ವಿಷಯ. ಈ ಪದಾರ್ಥಗಳು ಬೇಗ ಹೊರಗೆ ಹೋಗುತ್ತವೆ. ಹಾಗಾಗಿ ಮೂತ್ರದ ಮಾದರಿಯನ್ನು ಪಾಳಿ ಮುಗಿದ ಕೂಡಲೇ ಕೊಡಬೇಕು. ರಜೆಯ ಮರುದಿನ ಬೆಳಿಗ್ಗೆ ಕೊಟ್ಟರೆ ಏನೂ ಸಿಗದೆ ಇರಬಹುದು. ಅವು ಮೈಯೊಳಗೆ ಬದಲಾಗಿ ಮೂತ್ರಕ್ಕೆ ಬರುವ ರೂಪವನ್ನು ಅಳೆಯುವುದು. ಬೆಂಜೀನ್‌ಗೆ ಎಸ್-ಫಿನೈಲ್‌ಮರ್ಕಾಪ್ಟ್ಯೂರಿಕ್ ಆಮ್ಲ ನೋಡುತ್ತಾರೆ, ಝೈಲೀನ್‌ಗೆ ಮೀಥೈಲ್‌ಹಿಪ್ಯೂರಿಕ್ ಆಮ್ಲ. ಟಾಲ್ವಿನ್‌ಗೆ ಹಿಪ್ಯೂರಿಕ್ ಆಮ್ಲ ನೋಡುವುದು ಹಳೆಯ ಪದ್ಧತಿ. ಕೆಡದಿರಲಿ ಅಂತ ಸೋಡಿಯಂ ಬೆಂಜೋಯೇಟ್ ಹಾಕಿದ ತಂಪು ಪಾನೀಯ ಕುಡಿದರೂ ಅದು ಏರುತ್ತದೆ. ಆದ್ದರಿಂದ ಆರ್ಥೊ-ಕ್ರೆಸಾಲ್ ಮಾಡಿಸಿದರೆ ವಾಸಿ. ಇವೆಲ್ಲ ಹೇಳುವುದು ಇತ್ತೀಚೆಗೆ ಎಷ್ಟು ಹೋಗಿದೆ ಅಂತ ಮಾತ್ರ. ಮಿದುಳಿಗೆ ಹಾನಿ ಆಗಿದೆಯಾ ಅನ್ನುವುದನ್ನು ಹೇಳುವುದಿಲ್ಲ.

ಜೊತೆಗೆ ಥೈರಾಯ್ಡ್, ಬಿ12, ಸಕ್ಕರೆ, ಪೂರ್ತಿ ರಕ್ತಕಣಗಳ ಎಣಿಕೆ ಮಾಡಿಸಿ. ಗೊರಕೆ ಜೋರಾಗಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದಾ ಅಂತ ನೋಡಿಸಿ. ಕುಡಿಯುವ ಅಭ್ಯಾಸ ಇದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಮದ್ಯ ಮತ್ತು ಟಾಲ್ವಿನ್ ಎರಡನ್ನೂ ಲಿವರ್ ಒಂದೇ ದಾರಿಯಲ್ಲಿ ಕಳಿಸಬೇಕು. ಕೆಲಸದ ದಿನ ಕುಡಿದರೆ ಟಾಲ್ವಿನ್ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ.

ಇನ್ನೊಂದು. ಬದುಕು ಸಾಕು ಅನ್ನುವ ಥರದ ಮಾತು ಅಣ್ಣನ ಬಾಯಲ್ಲಿ ಬಂದರೆ ಈ ಪರೀಕ್ಷೆಗಳಿಗೆಲ್ಲ ಕಾಯಬೇಡಿ. ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆಗೆ ಕಾರಣ ಆವಿಯೇ ಇರಲಿ, ಬೇರೆಯೇ ಇರಲಿ, ಚಿಕಿತ್ಸೆ ಬೇಕೇ ಬೇಕು.

ನೇರಮಾತು

ಈ ಉತ್ತರ ಓದಿದ ಮೇಲೆ ನನಗೆ ಸಮಾಧಾನ ಆಯಿತು. ಒಂದು ಕೇಳುತ್ತೇನೆ. ಹಾಳಾಗಿದ್ದು ವಾಪಸ್ ಬರುತ್ತದಾ? ಬರದಿದ್ದರೆ ಗೊತ್ತಾಗಿ ಏನು ಪ್ರಯೋಜನ?

ರಸಾಯನ ಮೇಷ್ಟ್ರು

ಇದಕ್ಕೆ ಆಸ್ಟ್ರೇಲಿಯಾದಿಂದ ಒಂದು ಉತ್ತರ ಇದೆ. ಅಲ್ಲಿನ ದೂರದ ಮೂಲನಿವಾಸಿ ಊರುಗಳಲ್ಲಿ ಯುವಕರು ಪೆಟ್ರೋಲ್ ಮೂಸುವ ಚಟಕ್ಕೆ ಬಿದ್ದು ತುಂಬ ಜೀವಗಳು ಹಾಳಾದವು. ಕೆಲಸದಲ್ಲಿ ಸಿಗುವ ಆವಿಗಿಂತ ಅದು ಎಷ್ಟೋ ಪಟ್ಟು ಹೆಚ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೂ ಅವರಿಂದ ಕಲಿತದ್ದಿದೆ. ಮೂಸುವುದನ್ನು ಬಿಟ್ಟು ಎರಡು ವರ್ಷ ಆದವರನ್ನು ಮತ್ತೆ ಪರೀಕ್ಷಿಸಿದಾಗ ನಡಿಗೆ, ಗಮನ, ನೆನಪು ಬಹಳಷ್ಟು ಸುಧಾರಿಸಿದ್ದವು. ಕೆಲವರಲ್ಲಿ ಪೂರ್ತಿಯಾಗಿಯೇ. ಸೀಸದ ವಿಷ ಏರಿ ಆಸ್ಪತ್ರೆ ಸೇರಿದ್ದವರಲ್ಲಿ ಮಾತ್ರ ಸುಧಾರಣೆ ಕಡಿಮೆ.

ಅದಕ್ಕಿಂತ ನನಗೆ ಹಿಡಿಸಿದ್ದು ಆಮೇಲಿನ ಕ್ರಮ. 2005ರಲ್ಲಿ ಆ ಊರುಗಳಿಗೆ ಓಪಲ್ ಅನ್ನುವ ಬೇರೆ ಪೆಟ್ರೋಲ್ ತಂದರು. ಮಾಮೂಲಿ ಪೆಟ್ರೋಲಿನಲ್ಲಿ 25 ಶೇಕಡಾದಷ್ಟು ಇರುವ ಟಾಲ್ವಿನ್ ಜಾತಿಯ ಪದಾರ್ಥಗಳನ್ನು ಇದರಲ್ಲಿ 5 ಶೇಕಡಾಕ್ಕೆ ಇಳಿಸಿದ್ದರು. ಗಾಡಿ ಓಡುತ್ತದೆ, ಮೂಸಿದರೆ ಅಮಲು ಏರುವುದಿಲ್ಲ. ಮೂಸುವವರ ಸಂಖ್ಯೆ ತೀರಾ ಇಳಿದುಹೋಯಿತು. ಎಷ್ಟು ಉಪದೇಶ ಮಾಡಿದ್ದರೂ ಆಗದಿದ್ದ ಕೆಲಸ, ಇಂಧನವನ್ನೇ ಬದಲಾಯಿಸಿದಾಗ ಆಯಿತು.

ಕಾರ್ಖಾನೆ ಡಾಕ್ಟರ್

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ದ್ರಾವಕಗಳಿಂದ ಆದ ಹಾನಿಗೆ ಒಂದು ಸಮಾಧಾನದ ಗುಣ ಇದೆ. ಆವಿ ನಿಂತರೆ ಸಾಮಾನ್ಯವಾಗಿ ಹಾನಿ ಮುಂದೆ ಬೆಳೆಯುವುದಿಲ್ಲ. ವಯಸ್ಸಾದವರ ಮರೆಗುಳಿ ರೋಗದ ಹಾಗೆ ವರ್ಷ ವರ್ಷ ಜಾಸ್ತಿ ಆಗುತ್ತಾ ಹೋಗುವಂಥದ್ದಲ್ಲ ಇದು. ಮನಸ್ಸಿನ ಹಂತದಲ್ಲೇ ಹಿಡಿದರೆ ತಿಂಗಳುಗಳಲ್ಲಿ ಗುಣ ಕಾಣುತ್ತದೆ. ಮರೆವಿನ ಹಂತಕ್ಕೆ ಹೋಗಿದ್ದರೆ ಪೂರ್ತಿ ವಾಪಸ್ ಬರದೆ ಇರಬಹುದು, ಆದರೆ ಅಲ್ಲಿಗೇ ನಿಲ್ಲಿಸಬಹುದು. ಹಾಗಾಗಿ ಗೊತ್ತಾದರೆ ಪ್ರಯೋಜನ ಇದೆ, ತುಂಬಾನೇ ಇದೆ.

ಆವಿ ನಿಂತ ಮೇಲೂ ತೊಂದರೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋದರೆ ಬೇರೆ ರೋಗ ಇದೆಯಾ ಅಂತ ಹುಡುಕಲೇಬೇಕು.

ಕಾರ್ಬುರೇಟರ್

ನಾನು ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡುತ್ತೇನೆ. ಎನ್95. ಅದು ಸಾಲದಾ? ಇನ್ನೊಂದು, ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹೋಗುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿಕೊಂಡರೆ ನಾವು ಬಾಯಿಂದಲೇ ಊದುತ್ತೇವೆ. ಕೈಯ ಗ್ರೀಸ್ ಹೋಗಲು ಪೆಟ್ರೋಲಿನಲ್ಲೇ ತೊಳೆಯುತ್ತೇವೆ. ಎಲ್ಲ ಗ್ಯಾರೇಜಿನಲ್ಲೂ ಹೀಗೇ.

ಕಟ್ಟೆಚ್ಚರ

ಕೈಗಾರಿಕಾ ಸುರಕ್ಷತೆ ನನ್ನ ಕೆಲಸ. ಅಣ್ಣ, ಎನ್95 ಇಲ್ಲಿ ಉಪಯೋಗಕ್ಕಿಲ್ಲ. ಅದು ಧೂಳಿನ ಕಣ ಹಿಡಿಯುತ್ತದೆ. ಆವಿ ಅಂದರೆ ಅನಿಲ, ಬಟ್ಟೆಯ ಮೂಲಕ ಹಾಗೇ ಒಳಗೆ ಬರುತ್ತದೆ. ಬೇಕಾದದ್ದು ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಮಾಸ್ಕ್, ಅದಕ್ಕೆ ಇದ್ದಿಲು ತುಂಬಿದ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್. ಯುರೋಪಿನ ಪದ್ಧತಿಯಲ್ಲಿ ಅದಕ್ಕೆ ಕಂದು ಪಟ್ಟಿ, ಅಮೆರಿಕದ್ದರಲ್ಲಿ ಕಪ್ಪು. ಗಡ್ಡ ಇದ್ದರೆ ಬಿಗಿಯಾಗಿ ಕೂರುವುದಿಲ್ಲ. ಕಾರ್ಟ್ರಿಡ್ಜ್ ತುಂಬಿದ ಮೇಲೆ ಇದ್ದೂ ಇಲ್ಲದಂತೆ. ಡಬ್ಬಿ ಒಡೆದು ಹೊರಗಿಟ್ಟರೆ ಸುಮ್ನೆ ಇದ್ದರೂ ಗಾಳಿಯಿಂದ ಹೀರಿಕೊಂಡು ತುಂಬುತ್ತದೆ. ಕೆಲಸ ಆದಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ, ಬದಲಾಯಿಸುವ ದಿನ ಬರೆದಿಡಿ.

ಟ್ಯಾಂಕ್ ಒಳಗೆ ಇಳಿಯಲು ಈ ಮಾಸ್ಕ್ ನಂಬಬೇಡಿ. ಅಲ್ಲಿ ಆಮ್ಲಜನಕವೇ ಕಡಿಮೆ ಇರುತ್ತದೆ. ಹೊರಗಿನಿಂದ ಗಾಳಿ ಕೊಡುವ ವ್ಯವಸ್ಥೆ, ಮೇಲೆ ಒಬ್ಬ ಕಾವಲು ಇಲ್ಲದೆ ಯಾರೂ ಇಳಿಯಬಾರದು.

ಮೂಗನ್ನೂ ನಂಬಬೇಡಿ. ಪೆಟ್ರೋಲ್ ವಾಸನೆ ಮೊದಲಿಗೆ ಅತಿ ಕಡಿಮೆ ಪ್ರಮಾಣದಲ್ಲೇ ಗೊತ್ತಾಗುತ್ತದೆ, ನಿಜ. ಆದರೆ ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಮೂಗು ಸೋತುಹೋಗುತ್ತದೆ. ವಾಸನೆ ಇಲ್ಲ ಅನಿಸಿದಾಗ ಆವಿ ಅಷ್ಟೇ ಇರಬಹುದು, ಇನ್ನೂ ಹೆಚ್ಚೂ ಆಗಿರಬಹುದು.

ಬಾಯಿಂದ ಊದುವುದು, ಪೈಪಿನಲ್ಲಿ ಬಾಯಿಂದ ಎಳೆಯುವುದು ಇವತ್ತೇ ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಕೆಟ್ಟ ನ್ಯುಮೋನಿಯಾ ಆಗುತ್ತದೆ. ಅಪ್ಪಿತಪ್ಪಿ ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕೈಗೆ ಸೋಪು ನೀರು, ಇಲ್ಲವೇ ಮೆಕ್ಯಾನಿಕ್‌ಗಳಿಗಂತಲೇ ಬರುವ ಹ್ಯಾಂಡ್ ಕ್ಲೀನರ್ ಪೇಸ್ಟ್. ಪೆಟ್ರೋಲ್ ಚರ್ಮದ ಎಣ್ಣೆಯನ್ನೆಲ್ಲ ಎಳೆದುಬಿಡುತ್ತದೆ, ಆಮೇಲೆ ಒಳಗೆ ಹೋಗಲು ಅದಕ್ಕೇ ದಾರಿ ಸುಲಭ. ಗ್ಲೌಸ್ ನೈಟ್ರೈಲ್‌ದು ಇರಲಿ, ತೆಳ್ಳಗಿನದು ಬೇಗ ಬಿಟ್ಟುಕೊಡುತ್ತದೆ. ನೆನೆದ ತಕ್ಷಣ ಬದಲಾಯಿಸಿ.

ಬಂಕ್ ನೈಟ್ ಶಿಫ್ಟ್

ಕೆಲಸದ ಬಟ್ಟೆ ಮನೆಯೊಳಗೆ ನೇತುಹಾಕಬೇಡಿ, ಅದನ್ನೂ ಸೇರಿಸಿ. ನಮ್ಮ ಕಡೆ ಈಗ ಎಲ್ಲರೂ ಹೊರಗೇ ಬದಲಾಯಿಸುತ್ತೇವೆ. ಮಕ್ಕಳು ಓಡಿ ಬಂದು ಕಾಲು ತಬ್ಬಿಕೊಳ್ಳುವುದು ಆ ಪ್ಯಾಂಟನ್ನೇ ಅಲ್ವಾ.

ಸಂಜೆಮಲ್ಲಿಗೆ

ಹಾಳೆ ಬರೆಯಲು ಶುರು ಮಾಡಿದ್ದೇನೆ. ಅತ್ತಿಗೆಯೂ ಸೇರಿಕೊಂಡಿದ್ದಾರೆ. ಇಲ್ಲಿ ಬಂದ ಉತ್ತರಗಳನ್ನು ಅಣ್ಣನಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡ. ಆಮೇಲೆ "ಕೆಲಸ ಬಿಡು ಅಂತ ಮಾತ್ರ ಹೇಳಬೇಡ" ಅಂದ. ಮನೆ ನಡೆಯುವುದು ಅವನ ಸಂಬಳದಲ್ಲೇ, ಅದು ನಮಗೂ ಗೊತ್ತು. ಕೆಲಸದಲ್ಲಿ ಇದ್ದುಕೊಂಡೇ ಏನು ಮಾಡಬಹುದು? ಎಲ್ಲವನ್ನೂ ಒಟ್ಟಿಗೆ ಮಾಡಿಸಿಕೊಳ್ಳಲು ಆಗುವುದಿಲ್ಲ. ಮೊದಲು ಯಾವುದು?

ಕಾರ್ಖಾನೆ ಡಾಕ್ಟರ್

ಮೊದಲು ಮುಚ್ಚಿದ ಜಾಗದ ಹೊತ್ತು ಕಡಿಮೆ ಮಾಡಿ. ಲೆಕ್ಕ ಬರೆಯುವುದು, ಊಟ, ವಿಶ್ರಾಂತಿ ಇದೆಲ್ಲ ಗೋದಾಮಿನ ಹೊರಗೆ ಆಗಲಿ. ಇದಕ್ಕೆ ಮಾಲೀಕರ ಖರ್ಚೂ ಇಲ್ಲ. ಆಮೇಲೆ ಡ್ರಮ್‌ನಿಂದ ಡ್ರಮ್‌ಗೆ ಸುರಿಯುವ ಕೆಲಸ. ಅದನ್ನು ಹೊರಗೆ ತರಲು ಕೇಳಿ, ಆಗದಿದ್ದರೆ ಸರದಿಯಲ್ಲಿ ಬೇರೆಯವರೂ ಹಂಚಿಕೊಳ್ಳಲಿ. ಮೂರನೆಯದು ಗಾಳಿ. ಆವಿ ಕೆಳಗೆ ನಿಲ್ಲುವುದರಿಂದ ಹೊರಹಾಕುವ ಕಿಂಡಿ ನೆಲದ ಮಟ್ಟದಲ್ಲಿ ಬೇಕು. ಮೇಲೆ ಫ್ಯಾನ್ ಇಟ್ಟರೆ ಕೆಳಗಿನದು ಹಾಗೇ ಉಳಿಯುತ್ತದೆ. ಮಾಮೂಲಿ ಫ್ಯಾನ್ ಅಂತೂ ಬೇಡವೇ ಬೇಡ, ಅದರ ಮೋಟರಿನ ಕಿಡಿಗೆ ಇಡೀ ಗೋದಾಮು ಹೊತ್ತಿಕೊಳ್ಳುತ್ತದೆ. ಕಿಡಿ ಹಾರದ ಜಾತಿಯದ್ದನ್ನೇ ಹಾಕಬೇಕು.

ಮಾಲೀಕರ ಹತ್ತಿರ ಮಾತಾಡುವಾಗ ಬೆಂಕಿಯ ವಿಷಯದಿಂದಲೇ ಶುರು ಮಾಡಲು ಹೇಳಿ. ಕಾರ್ಮಿಕನ ಸಿಡುಕು ಅಂದರೆ ಕೇಳದೆ ಇರಬಹುದು, ಗೋದಾಮು ಸುಡುತ್ತದೆ ಅಂದರೆ ಕೇಳುತ್ತಾರೆ. ಎರಡಕ್ಕೂ ಪರಿಹಾರ ಅದೇ ಗಾಳಿ. ಪಾಳಿ ಮುಗಿದ ಕೂಡಲೇ ಮೂತ್ರದ ಮಾದರಿ ಕೊಡಲು ಲ್ಯಾಬಿನವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಕೆಲವು ಕಡೆ ಸಂಜೆ ಮಾದರಿ ತೆಗೆದುಕೊಳ್ಳುವುದಿಲ್ಲ.